ಜಾಲರಿಯ ಈಚೆ ತಿದ್ದಿದ ಪುಟ

ಸಾದಲಿಯಲ್ಲಿ ರೇಷ್ಮೆ ಹುಳ ಸಾಕುವ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ನಮ್ಮ ಕಾಲಿನ ಜೊತೆ ಹುಳಕ್ಕೆ ರೋಗ ಬರುತ್ತದೆ. ಹಾಗಾಗಿ ನಾನು ಜಗಲಿಯ ಮೇಲೆ ಕೂತಿದ್ದೆ, ಗಂಗರತ್ನಮ್ಮ ಕಿಟಕಿಯ ಜಾಲರಿಯ ಹಿಂದೆ ನಿಂತಿದ್ದರು.

ರೇಷ್ಮೆ ಹುಳದ ಕೋಣೆಗೆ ತೇವ ಕೊಡುವ ಯಂತ್ರವನ್ನು ನಮ್ಮ ಸಂಸ್ಥೆ ಹಂಚಿತ್ತು. ಅದರ ಕೈಪಿಡಿ ಮೊಬೈಲಿನಲ್ಲಿ ಸಿಗುತ್ತದೆ. ಹುಳ ಪೊರೆ ಬಿಡುವಾಗ, ಇಲ್ಲಿನವರ ಮಾತಿನಲ್ಲಿ ಜ್ವರಕ್ಕೆ ಕೂತಾಗ, ಕೋಣೆ ಒಣಗಿರಬೇಕು. ಕೈಪಿಡಿ ಮಾತ್ರ ಆಗಲೂ ಯಂತ್ರ ಓಡಲಿ ಎಂದಿತ್ತು. ಅದನ್ನು ನಂಬಿದ ಗಂಗರತ್ನಮ್ಮನವರ ಹಿಂದಿನ ಬೆಳೆ ಪೂರ್ತಿ ಕೊಳೆತು ತಿಪ್ಪೆ ಸೇರಿತ್ತು.

ಆ ತಪ್ಪನ್ನು ತಿದ್ದಲು ನಾನು ಬಂದಿದ್ದೆ. ತಿದ್ದಿದ ಕೈಪಿಡಿಯನ್ನು ಮೊದಲು ನನ್ನ ಲ್ಯಾಪ್‌ಟಾಪಿನಲ್ಲೇ ತೆರೆದು ನೋಡುವ ವ್ಯವಸ್ಥೆ ಕೂರಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ಒಂದು ತಂತ್ರಾಂಶಕ್ಕೆ ಇನ್ನೊಂದರ ಹಳೆಯ ಆವೃತ್ತಿಯೇ ಬೇಕಿತ್ತು. ಕೊನೆಗೂ ತಿದ್ದಿದ ಪುಟ ತೆರೆದುಕೊಂಡಿತು.

"ಸರಿಹೋಯ್ತಮ್ಮ," ಅಂದೆ.

ಅವರು ತಮ್ಮ ಮೊಬೈಲ್ ನೋಡಿದರು. "ಎಲ್ಲಪ್ಪ? ಇಲ್ಲಿ ಹಂಗೇ ಐತೆ."

"ಸದ್ಯಕ್ಕೆ ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ ಬದಲಾಗಿದೆ. ಮೇಲಿನವರು ಒಪ್ಪಿದ ಮೇಲೆ ಎಲ್ಲರಿಗೂ ಬರುತ್ತೆ."

"ಹುಳ ಸಾಕ್ಕೊಂಡಿರೋದು ನಿಮ್ಮ ಲ್ಯಾಪ್‌ಟಾಪಲ್ಲೇನಪ್ಪ?"

ಅವರು ದಿಬ್ಬೂರಹಳ್ಳಿಯ ಅಕ್ಕನಿಗೆ ಫೋನ್ ಮಾಡಿದರು. ಅಲ್ಲಿಯೂ ಅದೇ ಯಂತ್ರ. ಅಲ್ಲಿನ ಹುಳ ಆ ಸಂಜೆ ಜ್ವರಕ್ಕೆ ಕೂರುವುದರಲ್ಲಿತ್ತು.

"ಅಕ್ಕಾ, ಅದ್ರಲ್ಲಿ ಬರ್ದಿರೋದು ತಪ್ಪಂತೆ. ಮಿಷಿನ್ ಆರಿಸ್ಬಿಡು. ಬರ್ದೋರ ಕಡೆಯೋರೇ ಬಂದವ್ರೆ, ಜಗಲಿ ಮೇಲೆ ಕೂತವ್ರೆ."

ಅಕ್ಕನ ಹುಳ ಉಳಿದು ಗೂಡು ಕಟ್ಟಿತಂತೆ. ನನ್ನ ಪುಟ ಇನ್ನೂ ಪರಿಶೀಲನೆಯಲ್ಲಿದೆ.