ಮೂಗಿನ ಸ್ಪ್ರೇ, ಬಿ.ಪಿ. ಗುಳಿಗೆ ಮತ್ತು ನನ್ನ ನಾಲಿಗೆ

ಆಗ ನನಗೆ ಅರವತ್ತಮೂರು ವಯಸ್ಸು. ಈ ಮಾತಿಗೆ ಎರಡು ವರ್ಷವಾಯಿತು. ಬೀದರಿನ ನೌಬಾದ ಕಡೆ ಒಬ್ಬ ಮನೋರೋಗ ಡಾಕ್ಟರರ ಖಾಸಗಿ ದವಾಖಾನೆಯಲ್ಲಿ ನಾನು ಆಯಾ ಆಗಿದ್ದೆ. ಹೆಸರು ತುಳಜಮ್ಮ, ಹುಟ್ಟಿದ್ದು ಔರಾದ ತಾಲೂಕಿನಲ್ಲಿ. ಓದಿದ್ದು ಮೂರನೆಯ ಇಯತ್ತೆ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬೆವರು ಬರುತ್ತದೆ, ಅಂಕಿ ಮಾತ್ರ ತಪ್ಪುವುದಿಲ್ಲ. ಆ ಅಂಕಿಯ ಕಾರಣಕ್ಕೇ ನನ್ನನ್ನು ಸ್ಪ್ರೇ ಕೋಣೆಗೆ ಹಾಕಿದ್ದರು.

ಸ್ಪ್ರೇ ಅಂದರೆ ಮೂಗಿಗೆ ಹೊಡೆದುಕೊಳ್ಳುವ ಔಷಧ. ಎಸ್ಕೆಟಮಿನ್ ಅಂತ ಅದರ ಹೆಸರು. ಡಿಪ್ರೆಶನ್ನಿಗೆ ಎರಡು ಥರದ ಗುಳಿಗೆ ಕೊಟ್ಟರೂ ಮೇಲೇಳದವರಿಗೆ, ಗುಳಿಗೆಯ ಜೊತೆಗೇ ಇದನ್ನೂ ಕೊಡುತ್ತಾರೆ. ಮೊದಲ ನಾಲ್ಕು ವಾರ, ವಾರಕ್ಕೆ ಎರಡು ಸಲ. ಮನೆಗೆ ಕೊಟ್ಟು ಕಳಿಸುವ ಔಷಧವಲ್ಲ. ಡಾಕ್ಟರರ ಎದುರಿಗೆ ಹೊಡೆದುಕೊಂಡು ಎರಡು ತಾಸು ಅಲ್ಲೇ ಇರಬೇಕು. ಯಾಕೆಂದರೆ ಅದು ಏರಿದಾಗ ತಲೆ ತಿರುಗುತ್ತದೆ, ಹೊಟ್ಟೆ ತೊಳಸುತ್ತದೆ, ಗಂಟಲಿಗೆ ಕಹಿ ಇಳಿಯುತ್ತದೆ, ಮೈ ಒಂದು ಕಡೆ ತಾನು ಇನ್ನೊಂದು ಕಡೆ ಅನ್ನಿಸುತ್ತದೆ. ಈ ಕೊನೆಯದಕ್ಕೆ ಡಾಕ್ಟರರು ಡಿಸೋಸಿಯೇಶನ್ ಅನ್ನುತ್ತಿದ್ದರು. ಬಿ.ಪಿ. ಕೂಡ ಏರುತ್ತದೆ. ನಲವತ್ತು ನಿಮಿಷಕ್ಕೆ ಎಲ್ಲಕ್ಕಿಂತ ಹೆಚ್ಚು, ಆಮೇಲೆ ಇಳಿಯುತ್ತದೆ. ಹೊಡೆಯುವ ಮೊದಲು, ನಲವತ್ತು ನಿಮಿಷಕ್ಕೆ, ಮನೆಗೆ ಬಿಡುವ ಮೊದಲು, ಹೀಗೆ ಮೂರು ಸಲ ಮಷಿನ್ ಕಟ್ಟಿ ಅಂಕಿ ಬರೆಯುವುದು ನನ್ನ ಕೆಲಸ. ಉಳಿದ ಹೊತ್ತು ಕೂತು ನೋಡುವುದು. ಅದು ಸುಮ್ಮನಿರುವ ಕೆಲಸ ಅಂದುಕೊಂಡವರು ಒಂದು ದಿನ ಬಂದು ಕೂರಲಿ. ನನಗೆ ಆ ಎರಡು ತಾಸು ಕಾಲು ನಿಲ್ಲುತ್ತಿರಲಿಲ್ಲ. ಗಡಿಯಾರ ನೋಡು, ಮುಖ ನೋಡು, ಮತ್ತೆ ಗಡಿಯಾರ ನೋಡು.

ಪ್ರೇಮಲಾ ಟೀಚರ್ ಹಲಬರ್ಗಾದವರು. ಭಾಲ್ಕಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ವಯಸ್ಸು ನಲವತ್ತೇಳು. ಗಂಡ ದಾವೀದ ಭಾಲ್ಕಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಟೀಚರ್ ಒಂದು ವರ್ಷದಿಂದ ರಜೆ ಹಾಕಿ ಮಲಗಿದ್ದರು. ಎರಡು ಗುಳಿಗೆ ಬದಲಾಯಿಸಿಯೂ ಏಳಲಿಲ್ಲ. ಒಂದು ನಸುಕಿನಲ್ಲಿ ಬಾವಿಯ ಕಟ್ಟೆಯ ಮೇಲೆ ಕೂತವರನ್ನು ದಾವೀದ ಕೈ ಹಿಡಿದು ಮನೆಗೆ ತಂದ. ಆ ವಾರವೇ ಇಲ್ಲಿಗೆ ಕರಕೊಂಡು ಬಂದ. ಬಿ.ಪಿ. ಅವರಿಗೆ ಮೊದಲಿನಿಂದಲೂ ಇತ್ತು. ದಿನಾ ಮುಂಜಾನೆ ಒಂದು ಗುಳಿಗೆ. ಅದು ಫೈಲಿನಲ್ಲಿ ಬರೆದಿತ್ತು.

ಮೊದಲ ಸಲ ಸ್ಪ್ರೇ ಏರಿದಾಗ ಅವರು ತಮ್ಮ ಬಲಗೈಯನ್ನು ಬಹಳ ಹೊತ್ತು ನೋಡಿದರು.

"ಆಯಿ, ಈ ಕೈ ಯಾರ್ದರಿ?"

"ನಿಮ್ದೇ. ಬಳಿ ನೋಡ್ರಿ."

"ಬಳಿ ನಂದೇ ಅವ. ಕೈ ಅಲ್ಲ."

ಪರದೆ ಎಳೆದು, ಫ್ಯಾನ್ ಸಣ್ಣ ಮಾಡಿ, ಪಕ್ಕದಲ್ಲಿ ಕೂತೆ. ಆ ಹೊತ್ತಿನಲ್ಲಿ ಬಹಳ ಮಾತಾಡಿಸಬಾರದು, ಒಬ್ಬರನ್ನೇ ಬಿಡಲೂಬಾರದು. ಒಂದು ತಾಸಿಗೆ ಕೈ ಮತ್ತೆ ಅವರದಾಯಿತು.

ಎರಡನೆಯ ಸಲ ಕೆಟ್ಟಿತು. ಸ್ಪ್ರೇಗೆ ಮೊದಲು ಎರಡು ತಾಸು ಏನೂ ತಿನ್ನಬಾರದು, ಅರ್ಧ ತಾಸು ನೀರು ಕುಡಿಯಬಾರದು. ಕೊಟ್ಟ ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು, ದಾವೀದ ಅದನ್ನು ಮಡಿಚಿ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಹೆಂಡತಿ ಸೊರಗಿದ್ದಾಳೆಂದು ಬೀದರ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿಯ ಸುಸಲಾ ತಿನ್ನಿಸಿ, ಚಹಾ ಕುಡಿಸಿ ಕರೆತಂದ. ಅರ್ಧ ತಾಸಿಗೆ ಅದೆಲ್ಲ ಹಾಸಿಗೆ, ಮಷಿನ್ನಿನ ಪಟ್ಟಿ, ನನ್ನ ಸೀರೆಯ ಮೇಲೆ ಬಂತು. ತೊಳೆಯುವವಳು ನಾನು. ನನ್ನ ಸಿಟ್ಟು ನೆತ್ತಿಗೇರಿತು.

"ಟೀಚರ್‌ರಿ, ಇನ್ನ ಮುಂದ ಇಲ್ಲಿ ಬರೋ ದಿನ ಮುಂಜಾನಿ ಎದ್ದಾಗಿಂದ ಬಾಯಾಗ ಏನೂ ಹಾಕಬ್ಯಾಡ್ರಿ. ನೀರಿನ ಹನಿ ಸುದ್ದಾ ಬ್ಯಾಡ. ತಿಳೀತಿಲ್ಲೋ?"

"ತಿಳೀತ್ರಿ," ಅಂದರು.

ಡಾಕ್ಟರರು ಹೇಳಿದ್ದ ಅರ್ಧ ತಾಸನ್ನು ಎಳೆದು ನಾನು ಇಡೀ ಮುಂಜಾನೆ ಮಾಡಿಬಿಟ್ಟೆ. ಅದರಲ್ಲಿ ಏನು ಕೆಡುತ್ತದೆ ಎಂದು ತಲೆಗೆ ಹೊಳೆಯಲಿಲ್ಲ.

ಮೂರನೆಯ ಸಲ ಬಂದಾಗ ದಾವೀದನ ಮುಖ ಬೇರೆಯೇ ಇತ್ತು. "ಆಯಿ, ನಿನ್ನಿ ಆಕಿ ತಾನೇ ತಲಿ ಬಾಚಿಕೊಂಡಾಳ. ನನಗ ಬೈದಾಳ್ರಿ," ಅಂದ.

"ಯಾಕ?"

"ಬ್ಯಾಳಿಗಿ ಉಪ್ಪು ಹೆಚ್ಚ ಹಾಕೀನಿ ಅಂತ."

ಹೆಂಡತಿ ಬೈದದ್ದನ್ನು ಇಷ್ಟು ಖುಷಿಯಿಂದ ಹೇಳಿದ ಗಂಡಸನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆ ದಿನ ವಾಂತಿ ಆಗಲಿಲ್ಲ. ಬಿ.ಪಿ. ಮೊದಲು 138/88 ಇದ್ದದ್ದು ನಲವತ್ತು ನಿಮಿಷಕ್ಕೆ 166/100 ಆಯಿತು. ತುಸು ಹೆಚ್ಚೇ. ಆದರೆ ಇಳಿಯಿತು, ಮನೆಗೆ ಬಿಟ್ಟರು. ಹಾಸಿಗೆ ಹಸನಾಗಿ ಉಳಿಯಿತೆಂದು ನಾನು ಹೆಮ್ಮೆಪಟ್ಟೆ.

ನಾಲ್ಕನೆಯ ಸಲ ಬಂದಾಗಲೇ 146/94. ಡಾಕ್ಟರರು ಅರ್ಧ ತಾಸು ಕೂರಿಸಿ ಮತ್ತೆ ನೋಡಿಸಿದರು. 138/88. "ಬಿ.ಪಿ. ಗುಳಗಿ ನಡದದ ಅಲ್ರಿ?" ಎಂದು ಕೇಳಿದರು. ಟೀಚರ್ ಬಾಯಿ ತೆರೆಯುವ ಮೊದಲೇ ದಾವೀದ "ದಿನಾ ತಗೋತಾಳ್ರಿ" ಅಂದ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಸ್ಪ್ರೇ ದಿನಗಳಲ್ಲೂ ಅವನು ಎಂದಿನಂತೆ ಐದಕ್ಕೇ ಡಿಪೋಕ್ಕೆ ಹೋಗಿ, ಸಹಿ ಹಾಕಿ, ರಜೆ ಕೇಳಿ, ಭಾಲ್ಕಿಯಿಂದ ಬರುವ ಬಸ್ಸಿನಲ್ಲಿ ಕೂತಿರುತ್ತಿದ್ದ. ಹಲಬರ್ಗಾದಲ್ಲಿ ಟೀಚರ್ ಹತ್ತುತ್ತಿದ್ದರು. ಮುಂಜಾನೆ ಅವರು ಏನು ನುಂಗಿದರು, ಏನು ಬಿಟ್ಟರು, ಅವನು ಕಂಡಿರಲಿಲ್ಲ.

ಸ್ಪ್ರೇ ಹೊಡೆದುಕೊಂಡರು. ನಲವತ್ತು ನಿಮಿಷಕ್ಕೆ ಮಷಿನ್ 192/112 ತೋರಿಸಿತು. ಮಷಿನ್ ಕೆಟ್ಟಿರಬೇಕೆಂದು ಇನ್ನೊಂದು ತೋಳಿಗೆ ಕಟ್ಟಿದೆ. 190/110. ಟೀಚರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, "ಆಯಿ, ತಲಿ ಸಿಡಿಲತ್ತದ," ಅಂದರು. ನಾನು ಓಡಿದೆ. ಡಾಕ್ಟರರು ಬಂದರು, ಕೆಳಗಿನ ಮಹಡಿಯಲ್ಲಿ ಕೂರುವ ಫಿಜಿಶಿಯನ್ ಬಂದರು, ಇಂಜೆಕ್ಷನ್ ಕೊಟ್ಟರು, ಇ.ಸಿ.ಜಿ. ತೆಗೆದರು. ಆಮೇಲೆ ಕಾಲು ತಾಸಿಗೊಮ್ಮೆ ಅಂಕಿ. ನಾನು ಕೋಣೆಯ ಒಳಗೆ ಹೊರಗೆ ಎಷ್ಟು ಸಲ ನಡೆದೆನೋ. 180, 172, 176, 164. 176 ಬಂದಾಗ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿ ನೋಡಿದೆ. ಮಧ್ಯಾಹ್ನ ಮೂರಕ್ಕೆ 150/94ಕ್ಕೆ ಇಳಿಯಿತು.

ಪಡಸಾಲೆಯಲ್ಲಿ ಡಾಕ್ಟರರು ದಾವೀದನಿಗೆ ಹೇಳಿದರು: "ಈ ಔಷಧ ಅವರ ಮೈಗಿ ಒಗ್ಗಲ್ಲ. ಹೋದ ಸಲಾನೇ ಏರಿತ್ತು. ಇಲ್ಲಿಗಿ ನಿಲ್ಲಿಸೋಣು. ಹೈದರಾಬಾದಿನ ದೊಡ್ಡ ದವಾಖಾನಿಗಿ ಬರಕೊಡ್ತೇನಿ." ಫೈಲಿನಲ್ಲಿಯೂ ಬರೆದರು. ಬಾಗಿಲು ತೆರೆದಿತ್ತು. ಒಳಗೆ ಟೀಚರ್ ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿದರು.

"ಮುಗೀತ್ರಿ ಆಯಿ. ನನಗ ಯಾವುದೂ ಆಗಿ ಬರಲ್ಲ. ಹೈದರಾಬಾದಿಗಿ ನಾ ಹೋಗಲ್ಲ."

ಅಳುತ್ತಿರಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ಏನಾದರೂ ಮಾತಾಡಿಸಬೇಕೆಂದು, "ತುಟಿ ಒಣಗ್ಯಾವ. ನೀರು ಕುಡೀರಿ," ಅಂದೆ.

"ಈಗ ಕುಡೀಬೌದೇನ್ರಿ? ಮುಂಜಾನಿಂದ ಮುಟ್ಟಿಲ್ಲ. ನೀವೇ ಹೇಳೀರಲ್ಲ."

"ಮತ್ತ ಬಿ.ಪಿ. ಗುಳಗಿ?"

"ನೀರಿಲ್ದೆ ಹ್ಯಾಂಗ ನುಂಗ್ಲಿ?"

"ಹೋದ ಸಲ?"

"ಹೋದ ಸಲಾನೂ ಇಲ್ಲ. ಏನೂ ಬ್ಯಾಡ ಅಂದ್ರ ಏನೂ ಬ್ಯಾಡ ಅಂತಲೇ ಅಲ್ರಿ."

"ಸಂಜೀಕರೆ ತಗೋಬೇಕಿಲ್ಲೇನು?"

"ಅದು ಮುಂಜಾನಿ ಗುಳಗಿ, ಆಯಿ."

ಗಣಿತದ ಟೀಚರು. ಹೇಳಿದ್ದನ್ನು ಹೇಳಿದಷ್ಟೇ ಮಾಡಿದ್ದರು.

ನಾನು ಹೊರಗೆ ಬಂದು ಬಕೆಟ್ ಹಿಡಿದುಕೊಂಡು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದೆ. ಬಕೆಟ್ಟಿನಲ್ಲಿ ನೀರಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಡಾಕ್ಟರರು ಹೇಳಿದ್ದರು, "ತುಳಜಮ್ಮ, ನೀವು ನೋಡ್ರಿ, ಬರೀರಿ, ನನಗ ಕರೀರಿ. ಔಷಧದ ಮಾತು ಮಾತ್ರ ನೀವು ಆಡಬ್ಯಾಡ್ರಿ." ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ, ತಪ್ಪು ಔಷಧದ ಮೇಲೆ ಹೋಗುತ್ತದೆ, ಟೀಚರ್ ಮನೆಗೆ ಹೋಗುತ್ತಾರೆ. ಮನೆಯ ಹಿಂದೆ ಆ ಬಾವಿ ಇದೆ. ಮೂರನೆಯ ಸುತ್ತಿಗೆ ಬಕೆಟ್ ಅಲ್ಲೇ ಇಟ್ಟು ಡಾಕ್ಟರರ ಕೋಣೆಗೆ ಹೋದೆ. ದಾವೀದ ಅಲ್ಲಿಯೇ ಕೂತಿದ್ದ.

"ಡಾಕ್ಟರ್ ಸಾಬ್, ಆಕಿ ಬಿ.ಪಿ. ಗುಳಗಿ ತಗೊಂಡಿಲ್ಲ. ಎರಡೂ ಸಲ."

"ಯಾರು ಬ್ಯಾಡ ಅಂದ್ರು?"

"ನಾ ಅಂದೆ. ನೀರಿನ ಹನಿನೂ ಮುಟ್ಟಬ್ಯಾಡ್ರಿ ಅಂದೆ."

ಅವರು ಪೆನ್ನು ಕೆಳಗಿಟ್ಟರು. "ಸ್ಟ್ರೋಕ್ ಆಗಿದ್ರ?" ಅಂದರು.

ದಾವೀದ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಆಯಿ, ನಿಮ್ಮ ನಾಲಿಗಿಗಿ ಒಂದು ಬ್ರೇಕ್ ಕೂಡಿಸಬೇಕು. ನಮ್ಮ ಡಿಪೋಕ್ಕ ಬರ್ರಿ," ಅಂದ. ಯಾರೂ ನಗಲಿಲ್ಲ.

ಡಾಕ್ಟರರು ಫೈಲಿನಲ್ಲಿ ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಹತ್ತು ದಿನ ಸ್ಪ್ರೇ ಬೇಡ. ಬಿ.ಪಿ. ಗುಳಿಗೆ ಒಂದು ದಿನವೂ ತಪ್ಪಬಾರದು. ಹತ್ತು ದಿನದ ಮೇಲೆ 140/90ರ ಒಳಗೆ ಇದ್ದರೆ ಮತ್ತೆ ಶುರು, ಇಲ್ಲವಾದರೆ ಹೈದರಾಬಾದು. ನನ್ನನ್ನು ಸ್ಪ್ರೇ ಕೋಣೆಯಿಂದ ತೆಗೆದು ಕೆಳಗಿನ ನೆಲ ಒರೆಸುವುದಕ್ಕೆ ಹಾಕಿದರು. ನ್ಯಾಯವೇ. ಆದರೆ ಟೀಚರ್ ಹೊರಡುವಾಗ ಇದನ್ನೆಲ್ಲ ಬರೆದುಕೊಟ್ಟ ಕಾಗದಕ್ಕೆ ಕೈ ಚಾಚಲಿಲ್ಲ. "ಹತ್ತು ದಿನಕ್ಕ ಏನ್ ಆಗ್ತದರಿ," ಅಂದರು. ಕಾಗದ ದಾವೀದ ತೆಗೆದುಕೊಂಡ. ಮುಂಜಾನೆ ಐದಕ್ಕೆ ಅವನು ಮನೆಯಲ್ಲಿ ಇರುವುದಿಲ್ಲ ಎಂಬುದು ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಹತ್ತು ದಿನದ ಮೇಲೆ 130/84 ಬಂತು. ಸ್ಪ್ರೇ ಮತ್ತೆ ನಡೆಯಿತು. ಬಿ.ಪಿ. ಪ್ರತಿ ಸಲ ಏರಿತು, ಪ್ರತಿ ಸಲ ಇಳಿಯಿತು, ಹೆದರಿಸಲಿಲ್ಲ. ಟೀಚರ್ ಶಾಲೆಗೆ ಹೋಗುತ್ತಿದ್ದಾರೆ. ಪೂರಾ ಗುಣವಾದರು ಎಂದು ನಾನು ಹೇಳುವುದಿಲ್ಲ. ಕೆಲವು ದಿನ ಈಗಲೂ ಏಳುವುದಿಲ್ಲವಂತೆ. ಮೂರು ತಿಂಗಳಿಗೆ ನನ್ನನ್ನೂ ಆ ಕೋಣೆಗೆ ತಿರುಗಿ ಹಾಕಿದರು. ರೋಗಿಗಳಿಗೆ ಕೊಡುವ ಕಾಗದ ಈಗ ಕನ್ನಡದಲ್ಲಿದೆ, ದಪ್ಪ ಅಕ್ಷರ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ರೋಗಿಗೆ ಬೇಡ ಅನ್ನುವವರು, ಯಾವುದನ್ನು ಬಿಡಬಾರದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸಬೇಕು. ನಂಬುವ ರೋಗಿಯ ಮುಂದೆ ಸಿಟ್ಟಿನಲ್ಲಿ ಮಾತಾಡಬಾರದು, ಯಾಕೆಂದರೆ ಅವರು ಅದನ್ನು ಪಾಲಿಸುತ್ತಾರೆ.

ಇದೆಲ್ಲ ಆಮೇಲಿನ ಮಾತು. ಟೀಚರ್ ಮನೆಗೆ ಹೋದ ಮರುದಿನ ಮುಂಜಾನೆ, ಮುಂದೆ ಏನಾಗುವುದೆಂದು ನನಗೆ ಗೊತ್ತಿರಲಿಲ್ಲ. ಒಂಬತ್ತಕ್ಕೆ ನೆಲ ಒರೆಸಲು ಹೋಗಬೇಕಿತ್ತು. ನಾನು ಮೊದಲ ಬಸ್ಸಿಗೆ ಹಲಬರ್ಗಾಕ್ಕೆ ಹೋಗಿ, ಮನೆ ಕೇಳಿಕೊಂಡು ಬಾಗಿಲು ಬಡಿದೆ. ಬಹಳ ಹೊತ್ತಿನ ಮೇಲೆ ಟೀಚರ್ ಕೌದಿ ಹೊದ್ದುಕೊಂಡೇ ಬಂದು ತೆಗೆದರು.

"ಡಾಕ್ಟರ್ ಕಳಿಸ್ಯಾರೇನ್ರಿ?"

"ಇಲ್ಲ. ಗೊತ್ತಾದ್ರ ಬೈತಾರ. ಗುಳಗಿ ಎಲ್ಲದ?"

ಬೆರಳು ಮಾಡಿ ತೋರಿಸಿದರು. ಕೊಡದಿಂದ ನೀರು ತುಂಬಿ ಕೊಟ್ಟೆ. ನುಂಗಿದರು. ಬಾಯಿ ತೆಗೆಸಿ, ನಾಲಿಗೆಯ ಕೆಳಗೂ ನೋಡಿದೆ.

"ನಾಳಿ ಬರಬ್ಯಾಡ್ರಿ ಆಯಿ. ನಾನೇ ತಗೋತೇನಿ."

"ಬರ್ತೇನಿ," ಅಂದು ತಿರುಗಿ ಬಸ್ಸು ಹಿಡಿದೆ.