ತಾತನ ಹಲ್ಲು, ಕದ್ದ ಫುಟ್‌ಬಾಲ್

ನನ್ನ ಅತ್ತಿಗೆಯನ್ನು ಯಾರಾದರೂ ‘ಪಾಪ, ಬಾಯಿಲ್ಲದ ಹೆಂಗಸು’ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾಯಿಲ್ಲದವಳಂತೆ! ಊರವರ ಬಾಯಿಗಳ ನಡುವೆಯೇ ಅವಳ ಬದುಕು. ಹಲ್ಲಿನ ಡಾಕ್ಟರರು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಗುಲಾಬಿ ಮೇಣದ ಮೇಲೆ ಬಿಸಿ ಚಾಕುವಿನಿಂದ ಒಂದೊಂದೇ ಹಲ್ಲು ಕೂರಿಸುತ್ತಾಳೆ. ಮೇಲಿನ ದವಡೆ, ಕೆಳಗಿನ ದವಡೆ ಕೂಡಿಸಿ, ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿ, ಎಲ್ಲಿ ಬಣ್ಣ ಹತ್ತಿತೋ ಅಲ್ಲಿ ಕೂದಲೆಳೆಯಷ್ಟು ಉಜ್ಜುತ್ತಾಳೆ. ನಾನು ಜನರಿಗೆ ಕಾರು ಓಡಿಸಲು ಕಲಿಸುವವಳು, ಕೋಪ ಮೂಗಿನ ತುದಿಯಲ್ಲೇ. ಆ ಕೆಲಸ ನನಗೆ ಕೊಟ್ಟಿದ್ದರೆ ಮಧ್ಯಾಹ್ನದೊಳಗೆ ಹಲ್ಲೆಲ್ಲ ಕಿಟಕಿಯಾಚೆ ಹೋಗಿರುತ್ತಿದ್ದವು.

ಇಂಥ ಅತ್ತಿಗೆ ಒಂದು ವಿಡಿಯೋ ಗೇಮ್ ಮಾಡಿದಳು ನೋಡಿ! ಪರದೆಯ ತುಂಬ ಒಬ್ಬ ಬೊಚ್ಚುಬಾಯಿ ತಾತ. ಮೇಲಿನಿಂದ ದವಡೆಹಲ್ಲು, ಕೋರೆಹಲ್ಲು, ಮುಂಬಲ್ಲು ಎಲ್ಲ ಉದುರುತ್ತಿರುತ್ತವೆ. ತಾತ ಬಾಯಿ ತೆರೆದಾಗ ಸರಿಯಾದ ಜಾಗಕ್ಕೆ ಸರಿಯಾದ ಹಲ್ಲು ಸೇರಿಸಬೇಕು. ತಪ್ಪಿದರೆ ತಾತ ತೊದಲುತ್ತಾ ಬೈಯುತ್ತಾನೆ. ಎಲ್ಲ ಹಲ್ಲೂ ಕೂತರೆ ನಗುತ್ತಾನಂತೆ. ಅಂತೆ ಅನ್ನುವುದೇಕೆಂದರೆ ನನ್ನ ಕೈಯಲ್ಲಿ ಆ ತಾತ ಒಮ್ಮೆಯೂ ನಕ್ಕಿಲ್ಲ. ಬೈಸಿಕೊಂಡು ಬೈಸಿಕೊಂಡು ತಲೆಕೆಟ್ಟು ಕನ್ಸೋಲನ್ನು ಸೋಫಾದ ಮೇಲೆ ಎಸೆದಿದ್ದೇನೆ. ಆದರೂ ಹೇಳುತ್ತೇನೆ, ಎಂಥ ಆಟ ಅಂತೀರಿ! ನಾನೊಬ್ಬಳೇ ಅದನ್ನು ಆಡಿದವಳು ಅನ್ನುವುದೇ ಅತ್ತಿಗೆಯ ಕೊರಗಾಗಿತ್ತು. ಕಟ್ಟಿಕೊಂಡ ಗಂಡ, ಅಂದರೆ ನನ್ನ ಅಣ್ಣ, ಅದನ್ನು ಮುಟ್ಟಿಯೂ ನೋಡಿರಲಿಲ್ಲ.

ಆ ಕನ್ಸೋಲು ಅಣ್ಣನದೇ. ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಯಂತ್ರ, ಹಳೆಯದು. ಕಂಪನಿಯ ಮುದ್ರೆ ಇರುವ ಆಟಗಳನ್ನು ಮಾತ್ರ ಅದು ಒಳಗೆ ಬಿಡುತ್ತಿತ್ತು. ಯಂತ್ರ ಆನ್ ಆದ ಕೂಡಲೇ ಎದ್ದು ಬಾಗಿಲು ಕಾಯುವ ಸಾಫ್ಟ್‌ವೇರಿಗೆ ಫರ್ಮ್‌ವೇರ್ ಅನ್ನುತ್ತಾರೆ. ಕಂಪನಿಯ ಆ ಕಾವಲುಗಾರನನ್ನು ಪಕ್ಕಕ್ಕೆ ಸರಿಸಿ, ಹವ್ಯಾಸಿಗಳು ಬರೆದು ಹಂಚಿದ ಇನ್ನೊಬ್ಬನನ್ನು ಅತ್ತಿಗೆ ಮೆಮೊರಿ ಕಾರ್ಡಿನಲ್ಲಿ ತಂದು ಕೂರಿಸಿದಳು. ಇವನು ಮುದ್ರೆ ಕೇಳುವುದಿಲ್ಲ. ಅದಕ್ಕೇ ಅವಳ ತಾತ ಓಡಿದ.

ಅಣ್ಣ ಸುಮ್ಮನಿರುತ್ತಾನೆಯೇ? ಹೊಸ ಕಾವಲುಗಾರ ಯಾರನ್ನೂ ಏನೂ ಕೇಳುವುದಿಲ್ಲ ಅಂತ ಗೊತ್ತಾಗಿದ್ದೇ ತಡ, ಅದೇ ಕಾವಲುಗಾರನಿರುವ ಇನ್ನೊಂದು ಕಾರ್ಡು ಮಾಡಿಕೊಂಡು ಎಲ್ಲೆಲ್ಲಿಂದಲೋ ನಕಲು ಆಟಗಳನ್ನು ಇಳಿಸಿ ತುರುಕಿದ. ಅದರಲ್ಲಿ ಒಂದು ಫುಟ್‌ಬಾಲ್ ಅಂದರೆ ಅವನಿಗೆ ಪ್ರಾಣ. ಅಣ್ಣ ಕಿಟಕಿಗಳಿಗೆ ಗಾಜು ಕೂರಿಸುವವನು. ಅವನು ಗೋಲು ಹೊಡೆದು ನಕ್ಕರೆ ಅವನೇ ಕೂರಿಸಿದ ಗಾಜುಗಳು ಗಡಗಡ ಅನ್ನುತ್ತಿದ್ದವು.

“ಇದು ಕದ್ದ ಮಾಲು ಕಣ್ರೀ,” ಅಂದಳು ಅತ್ತಿಗೆ.

“ನಿನ್ನ ಹಲ್ಲು ಒಳಗೆ ಬರಬಹುದು, ನನ್ನ ಫುಟ್‌ಬಾಲ್ ಬರಬಾರ್ದಾ? ಬಾಗಿಲು ಒಂದೇ ಅಲ್ವಾ?”

“ಹಲ್ಲು ನಾನು ಮಾಡಿದ್ದು. ಫುಟ್‌ಬಾಲ್ ನೀವು ಮಾಡಿದ್ರಾ?”

“ಕಂಪನಿಯವರು ಈ ಆಟ ಮಾರೋದನ್ನೇ ನಿಲ್ಸಿಬಿಟ್ಟಿದ್ದಾರೆ. ಯಾರನ್ನ ಕೇಳ್ಲಿ? ಗೋಡೆನಾ?”

“ಕೇಳದೇ ತಗೊಂಡಿದ್ದು ಅಂದ್ರೆ ಕದ್ದಿದ್ದೇ. ಮುಗೀತು.”

ಮುಗಿಯಿತು ಅಂದಳೇ ಹೊರತು ಮುಗಿಯಲಿಲ್ಲ. ಅಣ್ಣ ಮುಖ ಊದಿಸಿಕೊಂಡ. ಮನೆಯಲ್ಲಿ ಮಾತು ನಿಂತಿತು, ನಗು ನಿಂತಿತು. ‘ನಿನ್ನ ಅಣ್ಣನಿಗೆ ಹೇಳು’, ‘ನಿನ್ನ ಅತ್ತಿಗೆಗೆ ಹೇಳು’ ಎಂದು ಒಂದೇ ಊಟದ ಮೇಜಿಗೆ ಕೂತು ನನ್ನನ್ನು ಅಂಚೆಯವಳನ್ನಾಗಿ ಮಾಡಿದರು. ನನಗೋ ಇಬ್ಬರ ತಲೆಯನ್ನೂ ಹಿಡಿದು ಕುಟ್ಟುವಷ್ಟು ಸಿಟ್ಟು.

ಅಷ್ಟರಲ್ಲಿ ನಮ್ಮ ಬೀದಿಯ ಲೈಬ್ರರಿಯಲ್ಲಿ ಪ್ರದರ್ಶನ ಎಂದು ಗೊತ್ತಾಯಿತು. ಜನ ತಾವೇ ಮಾಡಿದ್ದನ್ನು ಮೇಜಿನ ಮೇಲಿಟ್ಟು ತೋರಿಸುವ ಕಾರ್ಯಕ್ರಮ. ಅತ್ತಿಗೆ ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದಳು. ಲೈಬ್ರರಿಯಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: “ತಿದ್ದಿದ ಕನ್ಸೋಲಿಗೆ ಇಲ್ಲಿ ಜಾಗ ಇಲ್ಲ. ಹೋದ ಸಲ ಒಬ್ಬರು ನಕಲು ಆಟ ತುಂಬಿಕೊಂಡು ಬಂದಿದ್ರು. ಜನ ಎಲ್ಲ ಅಲ್ಲೇ ಮುತ್ತಿಕೊಂಡ್ರು. ಕಷ್ಟಪಟ್ಟು ಬೊಂಬೆ ಮಾಡಿದ್ದವರ ಹತ್ರ ನೊಣಾನೂ ಸುಳೀಲಿಲ್ಲ.”

“ನನ್ನ ಯಂತ್ರದಲ್ಲಿ ನಕಲು ಓಡದ ಹಾಗೆ ಮಾಡಿದ್ರೆ?”

“ಎಲ್ಲರ ಮುಂದೆ ತೋರ್ಸಿ. ಆಮೇಲೆ ಮೇಜು ನಿಮ್ಮದು.”

ಅತ್ತಿಗೆಯ ಕಣ್ಣು ಹೊಳೆದಿದ್ದು ಈಗಲೂ ನೆನಪಿದೆ. ಅಂದಿನಿಂದ ಬೆಳಗಾಗುತ್ತಲೇ ಎದ್ದು, ಲ್ಯಾಬಿಗೆ ಹೊರಡುವ ತನಕ ಆ ಫರ್ಮ್‌ವೇರಿಗೆ ಬೀಗ ಬರೆಯುತ್ತಿದ್ದಳು. ನಕಲು ಮಾಡಿದ ಆಟದಲ್ಲಿ ಕಂಪನಿಯ ಮುದ್ರೆ ಉಳಿಯುವುದಿಲ್ಲ. ಕಾರ್ಡಿನಿಂದ ಏಳುವ ಆಟಕ್ಕೆ ಆ ಮುದ್ರೆ ಇಲ್ಲವೋ, ಪರದೆಯ ಮೇಲೆ ದಪ್ಪಕ್ಷರದಲ್ಲಿ ‘ಕದ್ದ ಮಾಲು! ನಾಚಿಕೆ ಆಗಲ್ವಾ?’ ಎಂದು ಬರಬೇಕು. ಆ ಸಾಲು ಯಾರಿಗೆಂದು ಹೇಳಬೇಕಾಗಿಲ್ಲ ತಾನೆ! ಪರೀಕ್ಷೆಗೆಂದು ಅಣ್ಣನ ಫುಟ್‌ಬಾಲನ್ನೂ ತನ್ನ ಕಾರ್ಡಿಗೆ ಹಾಕಿಕೊಂಡಳು. ಅದು ತೆರೆಯಲಿಲ್ಲ. ಲ್ಯಾಪ್‌ಟಾಪಿನಿಂದ ಕೇಬಲ್ ಹಾಕಿ ತಾತನನ್ನು ಕಳಿಸಿದಳು. ತಾತ ಓಡಿದ. ನಾವಿಬ್ಬರೂ ಅಡುಗೆಮನೆಯಲ್ಲಿ ಕುಣಿದಾಡಿದೆವು!

ಪ್ರದರ್ಶನದ ದಿನ ಲೈಬ್ರರಿಯ ಹಾಲ್ ಗಿಜಿಗುಡುತ್ತಿತ್ತು. ಕನ್ಸೋಲನ್ನು ದೊಡ್ಡ ಟೀವಿಗೂ ಸ್ಪೀಕರಿಗೂ ಜೋಡಿಸಿದ್ದರು. ಅಣ್ಣನೂ ಬಂದಿದ್ದ. ಯಾರು ಕರೆದರೋ ಕಾಣೆ, ಕೈಕಟ್ಟಿಕೊಂಡು ಕೊನೆಯ ಸಾಲಿನಲ್ಲಿ ನಿಂತಿದ್ದ.

ಅತ್ತಿಗೆ ಮೊದಲು ಫುಟ್‌ಬಾಲ್ ಒತ್ತಿದಳು. ‘ಕದ್ದ ಮಾಲು! ನಾಚಿಕೆ ಆಗಲ್ವಾ?’ ಜನ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ನಾನು ಶಿಳ್ಳೆ ಹೊಡೆದೆ. ಲೈಬ್ರರಿಯಮ್ಮನ ಮುಖದಲ್ಲೂ ನಗು. “ಈಗ ನಿಮ್ಮದು ತೋರ್ಸಿ,” ಅಂದರು.

ಅತ್ತಿಗೆ ತಾತನನ್ನು ಒತ್ತಿದಳು.

‘ಕದ್ದ ಮಾಲು! ನಾಚಿಕೆ ಆಗಲ್ವಾ?’

ಅವಳು ಮತ್ತೆ ಒತ್ತಿದಳು. ಮತ್ತೆ ಅದೇ ಬೈಗುಳ, ಗೋಡೆಯಗಲಕ್ಕೆ. ಮುಂದಿನ ಸಾಲಿನಲ್ಲಿ ಒಬ್ಬ “ಓಹೋ, ಇದೂ ಕದ್ದಿದ್ದೇ!” ಅಂದ. ಅವನ ಕಡೆ ನಾನು ನೋಡಿದ ನೋಟಕ್ಕೆ ಅವನು ಕುರ್ಚಿ ಬದಲಾಯಿಸಿದ.

ಅತ್ತಿಗೆ ಹಣೆ ಚಚ್ಚಿಕೊಂಡಳು. “ಅಯ್ಯೋ, ನನ್ನ ಬುದ್ಧಿಗಿಷ್ಟು! ಮನೇಲಿ ಯಾವಾಗ್ಲೂ ಕೇಬಲ್‌ನಲ್ಲೇ ಕಳಿಸ್ತಿದ್ದೆ. ಕೇಬಲ್‌ನಲ್ಲಿ ಬಂದ್ರೆ ಕಾವಲುಗಾರ ತಡೆಯೋದೇ ಇಲ್ಲ. ಇವತ್ತೇ ಕಾರ್ಡಿಗೆ ಹಾಕಿದ್ದು, ಅಲ್ಲಿಂದ ಒಂದ್ಸಲಾನೂ ತೆರೆದು ನೋಡ್ಲಿಲ್ಲ. ನನ್ನ ಆಟಕ್ಕೆ ಕಂಪನಿ ಮುದ್ರೆ ಎಲ್ಲಿಂದ ಬರಬೇಕು?” ಆಮೇಲೆ ಲೈಬ್ರರಿಯಮ್ಮನ ಕಡೆ ತಿರುಗಿದಳು. “ಬೀಗ ಹಾಕಿದ್ರೆ ಎರಡೂ ನಿಲ್ಲುತ್ತೆ, ತೆಗೆದ್ರೆ ಎರಡೂ ಓಡುತ್ತೆ. ಮುದ್ರೆ ಇಲ್ಲ ಅನ್ನೋದಷ್ಟೇ ಈ ಯಂತ್ರಕ್ಕೆ ಗೊತ್ತು. ಮಾಡಿದವರು ಯಾರು, ಕದ್ದವರು ಯಾರು ಅಂತ ಗೊತ್ತಾಗಲ್ಲ. ನಿಮಗೆ ಸುಳ್ಳು ಹೇಳಿ ನಾನು ಮೇಜು ತಗೊಳ್ಳಲ್ಲ.”

ಎಂದವಳೇ ವೈರು ಸುತ್ತತೊಡಗಿದಳು. ಅವಳ ಬೆನ್ನು ನೋಡಿ ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

“ತಡಿ, ತಡಿ, ವೈರ್ ಕೀಳಬೇಡ!” ಕೊನೆಯ ಸಾಲಿನಿಂದ ಅಣ್ಣ ಜನರನ್ನು ತಳ್ಳಿಕೊಂಡು ಬಂದ. ಜೇಬಿನಿಂದ ತನ್ನ ಕಾರ್ಡು ತೆಗೆದ. “ಇದರಲ್ಲಿರೋ ಫರ್ಮ್‌ವೇರಿಗೆ ಬೀಗ ಇಲ್ಲ. ನಿನ್ನ ತಾತನ್ನ ಇದಕ್ಕೆ ಹಾಕು.”

ಲೈಬ್ರರಿಯ ಕಂಪ್ಯೂಟರಿಗೆ ಎರಡೂ ಕಾರ್ಡು ಸಿಕ್ಕಿಸಿದರು. ಅಣ್ಣನ ಕಾರ್ಡಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ನಕಲು, ನಕಲು, ಬರೀ ನಕಲು! ಲೈಬ್ರರಿಯಮ್ಮ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಅಣ್ಣನ ಕಿವಿ ಕೆಂಪಾಯಿತು.

“ನೋಡ್ಬೇಡಿ ಮೇಡಂ, ಹಿಂಸೆಯಾಗುತ್ತೆ,” ಎಂದು ಅಳಿಸಲು ಕೂತ. ಒಂದೊಂದನ್ನೇ ಅಳಿಸಿದ. ಫುಟ್‌ಬಾಲ್ ಮುಂದೆ ಅವನ ಬೆರಳು ನಿಂತಿತು. ಆ ಆಟದಲ್ಲಿ ಅವನ ತಂಡ ಫೈನಲ್‌ಗೆ ಬಂದಿತ್ತೆಂದು ನನಗೆ ಗೊತ್ತಿತ್ತು. “ತಾತನಿಗೆ ಇಷ್ಟು ಜಾಗ ಸಾಕ್ರೀ, ಅದು ಇರ್ಲಿ ಬಿಡಿ,” ಅಂದಳು ಅತ್ತಿಗೆ ಮೆಲ್ಲಗೆ. ಎಷ್ಟೋ ದಿನದ ಮೇಲೆ ನೇರವಾಗಿ ಅವನೊಡನೆ ಆಡಿದ ಮಾತು ಅದು. ಅಣ್ಣ ಕಣ್ಣುಮುಚ್ಚಿ ಒತ್ತಿಯೇಬಿಟ್ಟ.

ತಾತನನ್ನು ಆ ಕಾರ್ಡಿಗೆ ಹಾಕಿ, “ಈಗ ಒಂದೇ ಆಟ ಇದೆ,” ಅಂದ ಲೈಬ್ರರಿಯಮ್ಮನಿಗೆ. “ಬೇಕಿದ್ರೆ ನೀವೇ ನೋಡ್ಕೊಳ್ಳಿ.”

ಅವರು ನೋಡಿದರು, ತಲೆಯಾಡಿಸಿದರು. “ಯಂತ್ರಕ್ಕೆ ಬೀಗ ಬೇಡ. ಈ ಯಜಮಾನರನ್ನೇ ಪಕ್ಕದಲ್ಲಿ ಕಾವಲಿಗೆ ನಿಲ್ಸಿ. ಮೇಜು ನಿಮ್ಮದು!”

ತಾತ ಟೀವಿಯಗಲಕ್ಕೆ ಬೊಚ್ಚುಬಾಯಿ ತೆರೆದ. ಜನ ಮುಗಿಬಿದ್ದರು. ಮೊದಲ ಆಟ ಅಣ್ಣನದು. ಅವನು ಹಲ್ಲು ತಪ್ಪಿಸಿದ, ತಾತ ತೊದಲಿ ಬೈದ, ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. “ಇನ್ನೊಂದ್ಸಲ!” ಅಂದ. ಮತ್ತೆ ಬೈಸಿಕೊಂಡ. “ಇನ್ನೊಂದೇ ಒಂದ್ಸಲ!” ಗಾಜು ಕೂರಿಸುವ ಕೈಯಲ್ಲವೇ, ಅಳತೆ ಹಿಡಿಯಿತು. ದವಡೆಹಲ್ಲು ಕೂತಿತು, ಕೋರೆಹಲ್ಲು ಕೂತಿತು. “ಎಡಕ್ಕೆ! ಎಡಕ್ಕೆ ತಗೋ!” ಎಂದು ನಾನು ಕಾರು ಕಲಿಸುವ ದನಿಯಲ್ಲೇ ಕಿರುಚಿದೆ. ಕೊನೆಯ ಮುಂಬಲ್ಲೂ ಕೂತಿತು.

ತಾತ ನಕ್ಕ. ಸ್ಪೀಕರಿನಿಂದ ಎಂಥ ನಗು ಬಂತೆಂದರೆ ಲೈಬ್ರರಿಯ ಕಿಟಕಿಗಳು ಗಡಗಡ ಅಂದವು.

ಅಣ್ಣನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಆ ನಗು ಅವನದೇ. ಗೋಲು ಹೊಡೆದಾಗ ನಗುವ ನಗು.

“ಏಯ್, ಇದು ನಂದು! ಯಾವಾಗ ರೆಕಾರ್ಡ್ ಮಾಡ್ಕೊಂಡೆ? ನನ್ನ ಕೇಳಿದ್ಯಾ?”

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಖವೆಲ್ಲ ಕೆಂಪು. “ಇಲ್ಲ ರೀ,” ಅಂದಳು. “ಕದ್ದೆ.”

ಆಮೇಲೆ ಅಣ್ಣ ನಕ್ಕ ನಗುವಿನ ಮುಂದೆ ಸ್ಪೀಕರಿನದು ಏನೂ ಅಲ್ಲ. ಹೋದ ಸಲ ಬೊಂಬೆ ತಂದಿದ್ದವರೂ ಸಾಲಿನಲ್ಲಿದ್ದರು, ಅವರು ಅತ್ತಿಗೆಯ ತೋಳು ಮುಟ್ಟಿ, “ಇದರದ್ದು ಒಂದು ಕಾಪಿ ನಂಗೂ ಕೊಡ್ತೀರಾ?” ಎಂದು ಕೇಳಿದರು.

ಅತ್ತಿಗೆ ಅಣ್ಣನ ಕಡೆ ತಿರುಗಿದಳು. “ನಗು ನಿಮ್ಮದು. ಕೊಡ್ಲಾ?”

“ಕೇಳಿದ್ಯಲ್ಲ, ಕೊಡು,” ಅಂದ ಅಣ್ಣ. “ಆದ್ರೆ ಅದರ ಮೇಲೆ ನನ್ನ ಹೆಸರೂ ಹಾಕು.” ಹೇಳಿದವನೇ ಇನ್ನೊಂದು ಆಟಕ್ಕೆಂದು ಸಾಲಿನ ಕೊನೆಗೆ ಹೋಗಿ ನಿಂತ.