ಡಾಂಬರು ಕೆರೆಯ ಮೇಲೆ ಇಬ್ಬರು ಬೀಗಿತ್ತಿಯರು

ಇಸೆಲ್ಡಾ ಕ್ವಾಮಿನಾಳಿಗೆ ಕೋಪ ಬರಿಸುವುದು ಬಹಳ ಸುಲಭ. ಡಾಂಬರು ಕೆರೆಯ ಅಂಚಿಗೆ ಬಂದು ನಿಂತು, ಒಮ್ಮೆ ಆ ಕಡೆ ಈ ಕಡೆ ನೋಡಿ, "ಇಷ್ಟೇನಾ?" ಎಂದರೆ ಸಾಕು. ಹಡಗಿನಿಂದ ಇಳಿದು ಬಂದವರು, ಶಾಲೆಯ ಮಕ್ಕಳನ್ನು ಕರೆತಂದ ಮೇಷ್ಟರು, ಹೊಸದಾಗಿ ಮದುವೆಯಾದವರು, ಎಲ್ಲರೂ ಅದನ್ನೇ ಅನ್ನುತ್ತಾರೆ. ಆಮೇಲೆ ಕಾರು ನಿಲ್ಲಿಸುವ ಜಾಗದ ಹಾಗಿದೆ ಎನ್ನುತ್ತಾರೆ.

"ಹೌದಪ್ಪಾ, ನಿನ್ನ ಕಾರೂ ತಂದು ನಿಲ್ಲಿಸು. ನಾಳೆ ಬಂದು ಹುಡುಕ್ಕೋ," ಎನ್ನುತ್ತಾಳೆ ಇಸೆಲ್ಡಾ. ನಗಬೇಕೋ ಬೇಡವೋ ಎಂದು ತಿಳಿಯದೆ ಅವರು ಅವಳ ಹಿಂದೆ ನಡೆಯುತ್ತಾರೆ.

ಅವರದೂ ತಪ್ಪಲ್ಲ. ಟ್ರಿನಿಡಾಡಿನ ಚಿತ್ರಪಟಗಳಲ್ಲಿ ನೀಲಿ ಕಡಲು, ತೆಂಗಿನ ಮರ ಇರುತ್ತವೆ. ನಮ್ಮೂರು ಲಾ ಬ್ರೇಯಲ್ಲಿ ಇರುವುದು ಆನೆಯ ಚರ್ಮದಂತೆ ಸುಕ್ಕುಗಟ್ಟಿದ ಬೂದುಬಣ್ಣದ ಬಯಲು. ಸುಕ್ಕುಗಳ ನಡುವೆ ಮಳೆನೀರು, ಅಲ್ಲಲ್ಲಿ ನೈದಿಲೆ, ಗಾಳಿ ತಿರುಗಿದಾಗ ಗಂಧಕದ ವಾಸನೆ. ನಾನು ಪ್ರಯೋಗಾಲಯದಲ್ಲಿ ಈ ಡಾಂಬರನ್ನೇ ಕಾಯಿಸಿ, ತಣಿಸಿ, ತೂಗಿ ನೋಡುವ ಕೆಲಸದವಳು. ಗಟ್ಟಿಯಾಗಿ ಕಂಡರೂ ಇದು ಹರಿಯುವ ವಸ್ತು, ಬಹಳ ನಿಧಾನವಾಗಿ ಅಷ್ಟೇ. ಅಗೆದ ಗುಂಡಿ ತಾನಾಗಿ ತುಂಬಿಕೊಳ್ಳುತ್ತದೆ. ಕ್ರಿಸ್‌ಮಸ್‌ಗೆ ಬೇರೆ ಊರಿನವರು ಮನೆಗೆ ಬಣ್ಣ ಹೊಡೆದರೆ, ನಮ್ಮ ಓಣಿಯವರು ಅಡಿಯ ಡಾಂಬರು ಜರುಗಿ ತಗ್ಗಿದ ಮನೆಯ ಮೂಲೆಯನ್ನು ಜಾಕ್ ಕೊಟ್ಟು ಎತ್ತುತ್ತಾರೆ.

ಕೆರೆಯ ಮೇಲೆ ಒಂದೇ ನಿಯಮ: ನಿಂತಲ್ಲೇ ನಿಲ್ಲಬಾರದು. ಆ ಅಭ್ಯಾಸ ಮೈಗೆ ಎಷ್ಟು ಹತ್ತಿದೆಯೆಂದರೆ, ನಮ್ಮೂರಿನವರು ಚರ್ಚಿನ ಬಾಗಿಲಲ್ಲಿ ಮಾತಾಡುವಾಗಲೂ ಕಾಲು ಬದಲಿಸುತ್ತಲೇ ಇರುತ್ತಾರೆ. ಹೊರಗಿನವರು ಇವರಿಗೆಲ್ಲ ಮೂತ್ರಕ್ಕೆ ಅವಸರ ಎಂದುಕೊಳ್ಳುತ್ತಾರೆ.

ಇಸೆಲ್ಡಾ ನನ್ನ ಪಕ್ಕದ ಮನೆಯವಳು; ನಾನು ಅವಳನ್ನು ಟಾಂಟಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಅವಳ ತಾಯಿ ಕೆರೆಯ ನೀರಿನ ಗುಂಡಿಗಳಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದಳು. ತಾಯಿಯ ಹಿಂದೆ ನಡೆದು ನಡೆದೇ ಅವಳಿಗೆ ದಾರಿ ತಿಳಿಯಿತು. ಗಂಡ ಎಣ್ಣೆಬಾವಿಯ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಪ್ರವಾಸಿಗರಿಗೆ ದಾರಿ ತೋರಿಸಿಯೇ ಅವಳು ಮಗಳು ಕರ್ಲೀನ್‌ಳನ್ನು ಸಾಕಿದಳು. ಮಗಳು ದೊಡ್ಡವಳಾದ ಮೇಲೆ ಅವಳೂ ಅದೇ ಕೆಲಸಕ್ಕೆ ಬಂದಳು, ತಾಯಿಯ ಹಿಂದೆ ಹಿಂದೆ. ಮೆತ್ತಗಿನ ಜಾಗ ಇಂದು ಇಲ್ಲಿದ್ದರೆ ಮುಂದಿನ ವಾರ ಅಲ್ಲಿ. ನಕ್ಷೆ ಬರೆದಿಟ್ಟರೆ ಉಪಯೋಗವಿಲ್ಲ. ಗೊತ್ತಿದ್ದವರ ಹಿಂದೆ ವರ್ಷಗಟ್ಟಲೆ ನಡೆಯಬೇಕು.

ಹೀಗಿರುವಾಗ ಕರ್ಲೀನ್ ಟೊಬೇಗೊ ದ್ವೀಪದ ಆನ್ಸೆಲ್ಮ್‌ನನ್ನು ಮೆಚ್ಚಿದಳು. ಹುಡುಗನ ಬಗ್ಗೆ ಇಸೆಲ್ಡಾಳಿಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಅವನ ತಾಯಿ ಆರ್ಫಾ ಮೆಲ್ವಿಲ್ ಬಗ್ಗೆ. ಆಕೆಗೆ ಗಾಜಿನ ತಳದ ದೋಣಿಯಿತ್ತು. ಅದರಲ್ಲಿ ಜನರನ್ನು ಹವಳದ ದಿಬ್ಬಗಳ ಮೇಲೆ ತೇಲಿಸಿ ಮೀನು ತೋರಿಸುತ್ತಿದ್ದಳು. ಮದುವೆಯಾದ ಮೇಲೆ ಸೊಸೆ ದೋಣಿಗೇ ಬರಬೇಕು ಎಂದು ಹೇಳಿ ಕಳಿಸಿದ್ದಳು.

"ಇವಳು ದೋಣಿ ಹತ್ತಿದ್ರೆ ಕೆರೆ ದಾರಿ ನನ್ನ ಜೊತೆಗೇ ಮಣ್ಣಾಯ್ತು," ಎಂದು ಇಸೆಲ್ಡಾ ನನ್ನ ಬೇಲಿಯ ಹತ್ತಿರ ಬಂದು ಗೊಣಗಿದಳು. "ಮೀನು ತೋರ್ಸೋಕೆ ಯಾರಾದ್ರೂ ಸಾಕು. ಮೀನು ತನ್ನನ್ನ ತಾನೇ ತೋರಿಸ್ಕೊಳತ್ತೆ!"

ಆರ್ಫಾ ಒಂದು ಭಾನುವಾರ ಮಗನೊಂದಿಗೆ ಬರುತ್ತೇನೆಂದಳು. ಇಸೆಲ್ಡಾ ಹಿಂದಿನ ದಿನವೇ ಲೆಕ್ಕಾಚಾರ ಹಾಕಿದಳು: ಕೆರೆಯನ್ನು ಎಷ್ಟು ಚೆನ್ನಾಗಿ ತೋರಿಸಬೇಕೆಂದರೆ, ಹುಡುಗಿ ಇಲ್ಲೇ ಇರಲಿ ಎಂದು ಆಕೆಯ ಬಾಯಲ್ಲೇ ಬರಬೇಕು. ಬೆಳಿಗ್ಗೆ ಎದ್ದು ಕೋಳಿ ಹಾಕಿ ಪೆಲಾವ್ ಮಾಡಿದಳು. ನನ್ನನ್ನೂ ಕರೆದಳು. "ನೀನು ಓದಿದವಳು, ಪಕ್ಕದಲ್ಲಿರು. ನಾನು ಬೈಯೋಕೆ ಬಾಯಿ ತೆಗೆದ್ರೆ ನನ್ನ ಸೊಂಟ ಚಿವುಟು."

ಆರ್ಫಾ ಎತ್ತರದ ಹೆಂಗಸು, ಬಿಳಿ ಟೋಪಿ, ಬಿಳಿ ಚಪ್ಪಲಿ. ಕೆರೆಯ ಅಂಚಿನಲ್ಲಿ ನಿಂತಳು. ಆ ಕಡೆ ನೋಡಿದಳು. ಈ ಕಡೆ ನೋಡಿದಳು.

"ಇಷ್ಟೇನಾ?" ಎಂದಳು.

ನಾನು ಸೊಂಟ ಚಿವುಟಿದೆ. ಇಸೆಲ್ಡಾ ಹಲ್ಲು ಕಚ್ಚಿ, "ಬನ್ನಿ ಮಿಸ್ ಆರ್ಫಾ, ಒಳಗೆ ಹೋದ್ರೆ ಗೊತ್ತಾಗತ್ತೆ," ಎಂದು ಮುಂದೆ ನಡೆದಳು. ಕರ್ಲೀನ್ ಮತ್ತು ಆನ್ಸೆಲ್ಮ್ ದೂರದ ನೈದಿಲೆಯ ಗುಂಡಿಯ ಕಡೆ ಸರಿದು ಹೋದರು. ಕೆರೆಯ ನಡುವೆ ಅತಿ ಮೆತ್ತಗಿನ ಜಾಗವೊಂದಿದೆ. ನಾವು ಅದನ್ನು ಕೆರೆಯ ತಾಯಿ ಎನ್ನುತ್ತೇವೆ. ಇಸೆಲ್ಡಾ ಅದರ ಹತ್ತಿರ ಹೋಗಿ, ಕೋಲಿನ ತುದಿಗೆ ಡಾಂಬರು ಮೆತ್ತಿಸಿ, ಕಪ್ಪು ದಾರದಂತೆ ಎಳೆದು ತೋರಿಸಿದಳು. ಪ್ರವಾಸಿಗರು ಚಪ್ಪಾಳೆ ತಟ್ಟುವುದು ಇಲ್ಲೇ.

"ನಮ್ಮೂರ ರಸ್ತೇಲಿ ಬಿಸಿಲಿಗೆ ಹೀಗೇ ಆಗತ್ತೆ," ಎಂದಳು ಆರ್ಫಾ.

"ನಿಮ್ಮೂರ ರಸ್ತೆ ಎಲ್ಲಿಂದ ಬಂತು ಅಂದ್ಕೊಂಡ್ರಿ? ಇಲ್ಲಿಂದ!"

"ಬಂದಿರಬಹುದಮ್ಮಾ. ಆದ್ರೆ ಸೊಬಗು ಅಂತ ಒಂದಿರತ್ತಲ್ಲ? ನಮ್ಮಲ್ಲಿ ಸಮುದ್ರದ ನಡುವೆ ಮೊಣಕಾಲುದ್ದ ನೀರಲ್ಲಿ ನಿಂತ್ರೆ ಕಾಲಿನ ಉಗುರು ಕಾಣತ್ತೆ."

"ಕಾಲಿನ ಉಗುರು ನೋಡೋಕೆ ಸಮುದ್ರಕ್ಕೆ ಯಾಕೆ ಹೋಗ್ಬೇಕು? ಮನೇಲಿ ಬಗ್ಗಿ ನೋಡಿದ್ರಾಯ್ತು!"

ಚಿವುಟುವ ಕಾಲ ಮೀರಿತ್ತು. ಆರ್ಫಾ ಈ ಜರುಗುವ ನೆಲದಲ್ಲಿ ಸೊಸೆ ಬಾಳುವುದು ಹೇಗೆ ಎಂದಳು. ಇಸೆಲ್ಡಾ ನಿಮ್ಮ ದೋಣಿ ಏನು ಬಂಡೆಗೆ ಕಟ್ಟಿದೆಯಾ ಎಂದಳು. ಸೊಂಟದ ಮೇಲೆ ಎರಡೂ ಕೈಯಿಟ್ಟು, ಕುತ್ತಿಗೆ ಚಾಚಿ, ಕಂಬದಂತೆ ನಿಂತುಬಿಟ್ಟಿದ್ದಳು. ಆರ್ಫಾಳದು ದೋಣಿಯ ಮೇಲೆ ಬೆಳೆದ ಕಾಲು, ಒಂದು ಕ್ಷಣ ನೆಟ್ಟಗೆ ನಿಲ್ಲದು. ಮಾತಿನ ಲಯಕ್ಕೆ ಆಕೆ ಎಡಕ್ಕೂ ಬಲಕ್ಕೂ ತೂಗುತ್ತಲೇ ಇದ್ದಳು. ನಾನು ಅವರ ಮುಖ ನೋಡುತ್ತಿದ್ದೆ, ಕಾಲುಗಳನ್ನಲ್ಲ.

ಮಾತಿನ ನಡುವೆ ಆರ್ಫಾ ಹುಬ್ಬು ಗಂಟಿಕ್ಕಿದಳು. "ಅಲ್ಲ ಇಸೆಲ್ಡಾ, ನೀನ್ಯಾಕಮ್ಮಾ ಗಿಡ್ಡ ಆಗ್ತಿದೀಯಾ?"

ಇಸೆಲ್ಡಾ ಕೆಳಗೆ ನೋಡಿದಳು. ಬೂಟು ತೊಟ್ಟ ಎರಡೂ ಕಾಲು ಕಣಕಾಲಿನ ಮೇಲಿನವರೆಗೆ ಡಾಂಬರಿನಲ್ಲಿದ್ದವು.

ಆರ್ಫಾ ಅವಳ ತೋಳು ಹಿಡಿದು ಜಗ್ಗಲು ಹೋದಳು. ದೂರದಿಂದ ಕರ್ಲೀನ್‌ಳ ಕೂಗು ಬಂತು. "ಎಳೀಬೇಡಿ! ಮಿಸ್ ಆರ್ಫಾ, ಕೈ ಬಿಡಿ, ಹಿಂದಕ್ಕೆ ಬನ್ನಿ. ನಿಲ್ಬೇಡಿ, ಕಾಲಾಡಿಸ್ತಾ ಇರಿ."

ಅವಳು ಓಡಿ ಬರಲಿಲ್ಲ. ಬಳಸು ದಾರಿಯಲ್ಲಿ, ಬಿರುಸಾಗಿ ನಡೆದು ಬಂದಳು. ಆನ್ಸೆಲ್ಮ್‌ನ ಅಂಗಿ ಬಿಚ್ಚಿಸಿ ತಾಯಿಯ ಹಿಂದೆ ಹಾಸಿದಳು.

"ಕೂತ್ಕೋ ಅಮ್ಮಾ."

"ನಂಗೆ ಹೇಳ್ಕೊಡ್ತೀಯೇನೇ? ನೀನು ತೊಟ್ಟಿಲಲ್ಲಿದ್ದಾಗ ನಾನು ಇಲ್ಲಿ..."

"ಬಾಯಿ ಮುಚ್ಚು. ಕೂತ್ಕೋ. ಬೂಟಿನ ಆಸೆ ಬಿಡು. ಮೊದ್ಲು ಹಿಮ್ಮಡಿ, ನಿಧಾನ. ಇನ್ನೂ ನಿಧಾನ."

ಒಂದು ಕಾಲು ಬಂತು. ತುಸು ಹೊತ್ತಿಗೆ ಇನ್ನೊಂದೂ ಬಂತು. ಬೂಟುಗಳು ಕೆರೆಗೆ ಸಂದವು. ಇಸೆಲ್ಡಾ ಕಪ್ಪು ಕಾಲುಚೀಲ ತೊಟ್ಟವಳಂತೆ ಬರಿಗಾಲಲ್ಲಿ ಮನೆಗೆ ನಡೆದಳು.

ಅಂಗಳದಲ್ಲಿ ಕರ್ಲೀನ್ ಕೊಬ್ಬರಿ ಎಣ್ಣೆ ಹಾಕಿ ತಾಯಿಯ ಕಾಲು ಉಜ್ಜುತ್ತಿದ್ದಳು. ಆರ್ಫಾ ತಟ್ಟೆ ಹಿಡಿದು ನೋಡುತ್ತಿದ್ದಳು.

"ಎಂಥಾ ಗಟ್ಟಿ ಹುಡುಗಿ! ನನ್ನ ದೋಣಿಗೆ ಇಂಥವಳೇ ಬೇಕು. ಮುಂಚೆ ಕೇಳ್ತಿದ್ದೆ, ಈಗ ಬಿಡೋದೇ ಇಲ್ಲ."

"ನೋಡಿದ್ಯಾ?" ಎಂದು ಇಸೆಲ್ಡಾ ನನ್ನ ಕಡೆ ಕೈ ಚಾಚಿದಳು. "ನನ್ನ ಬೂಟೂ ಹೋಯ್ತು, ಮಗಳೂ ಹೋದ್ಳು!"

ಕರ್ಲೀನ್ ಬಟ್ಟೆ ಕೆಳಗಿಟ್ಟಳು. "ನನ್ನನ್ನ ಯಾರಾದ್ರೂ ಕೇಳಿದೀರಾ? ಇಬ್ರೂ ಸೇರಿ ಹರಾಜು ಹಾಕ್ತಿದೀರಲ್ಲ. ಮಿಸ್ ಆರ್ಫಾ, ನಾನು ದೋಣಿಗೆ ಬರಲ್ಲ. ಆನ್ಸೆಲ್ಮ್ ಇಲ್ಲಿಗೆ ಬರ್ತಾನೆ. ಅದು ನಾವಿಬ್ರೂ ಆಗ್ಲೇ ಮಾತಾಡ್ಕೊಂಡಿದ್ದು."

ಆನ್ಸೆಲ್ಮ್ ಬನಿಯನ್ನಿನಲ್ಲಿ ನಿಂತು ಅನ್ನದ ತಟ್ಟೆಯನ್ನೇ ನೋಡಿದ. "ಹೌದಮ್ಮಾ," ಎಂದ. ಆರ್ಫಾ ಚಮಚವನ್ನು ತಟ್ಟೆಯ ಮೇಲೆ ಸದ್ದಾಗುವಂತೆ ಇಟ್ಟಳು. "ಮೀನಿಗೆ ಇರೋ ಬುದ್ಧಿ ನಿನಗಿಲ್ಲ," ಎಂದಳು, ಮಗನಿಗೆ.

ಇಸೆಲ್ಡಾಳ ಮುಖ ಅರಳಿತು. ಮಗಳು ಅವಳಿಗೆ ಸಂತೋಷಪಡಲು ಸಮಯ ಕೊಡಲಿಲ್ಲ.

"ಆದ್ರೆ ಅಮ್ಮಾ, ನಾಳೆಯಿಂದ ಜನರ ಮುಂದೆ ನಡೆಯೋಳು ನಾನು. ನೀನಿವತ್ತು ನಿಂತ್ಬಿಟ್ಟೆ. ನಿಂತಿದೀಯ ಅಂತ ನಿಂಗೇ ಗೊತ್ತಾಗ್ಲಿಲ್ಲ. ನಿನ್ನ ಹಿಂದೆ ಶಾಲೆ ಮಕ್ಕಳಿದ್ದಿದ್ರೆ?"

"ಅವಳು ನಂಗೆ ಕೋಪ ಬರಿಸಿದ್ಲು!"

"ದಿನಾ ಯಾರಾದ್ರೂ ಬರಿಸ್ತಾರೆ."

ಇಸೆಲ್ಡಾ ಎದ್ದು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಮರುದಿನ ಪ್ರಯೋಗಾಲಯಕ್ಕೆ ಡಾಂಬರಿನ ಮಾದರಿ ತರಲು ನಾನು ಕೆರೆಗೆ ಹೋದಾಗ ಇಸೆಲ್ಡಾ ಅಂಚಿನ ಚಪ್ಪರದ ಬೆಂಚಿನಲ್ಲಿ ಕೂತಿದ್ದಳು. ದೂರದಲ್ಲಿ ಕರ್ಲೀನ್, ಅವಳ ಹಿಂದೆ ಬಣ್ಣಬಣ್ಣದ ಟೋಪಿಗಳ ಸಾಲು.

"ಎಷ್ಟು ಜೋರಾಗಿ ನಡೀತಾಳೆ ನೋಡು. ಹಿಂದಿರೋ ಮುದುಕಿ ಗತಿ ಏನು?" ಎಂದಳು. ಅಷ್ಟರಲ್ಲಿ ಕರ್ಲೀನ್ ದೊಡ್ಡ ಗುಂಡಿಯ ಎಡಕ್ಕೆ ತಿರುಗಿದಳು. ಇಸೆಲ್ಡಾ ತಟ್ಟನೆ ಎದ್ದಳು. ಸಾಲು ಬಾಗಿತು, ಉದ್ದವಾಯಿತು, ಒಬ್ಬೊಬ್ಬರಾಗಿ ಆಚೆ ದಡ ಸೇರಿತು. ಕೊನೆಯ ಟೋಪಿ ದಾಟುವವರೆಗೆ ಅವಳು ಕೂರಲಿಲ್ಲ.

"ಎಡಕ್ಕೆ ಹೋಗ್ಬಾರದಿತ್ತು," ಎಂದಳು.

"ದಾಟಿದ್ರಲ್ಲ, ಟಾಂಟಿ," ಎಂದೆ.

"ದಾಟಿದ್ರು," ಎಂದು ಅವಳು ಕೂತಳು. "ಆದ್ರೂ ಹೋಗ್ಬಾರದಿತ್ತು."